ತಾರೀಖಿನ ಉಡುಪು

ತಾರೀಖು ಲೋಕಕ್ಕೆಲ್ಲ ಒಂದೇ ಎಂದು ನಾವು ನಂಬಿದ್ದೇವೆ. ದಿನವೇನೋ ಒಂದೇ, ಅದನ್ನು ಬರೆಯುವ ರೀತಿ ಮಾತ್ರ ದೇಶಕ್ಕೊಂದು. ೦೪/೦೫/೨೦೨೪ ಎಂದರೆ ನಮಗೆ ಮೇ ನಾಲ್ಕು, ಅಮೆರಿಕನ್ನರಿಗೆ ಏಪ್ರಿಲ್ ಐದು. ಜರ್ಮನರು ಓರೆಗೆರೆಯ ಬದಲು ಚುಕ್ಕಿ ಇಡುತ್ತಾರೆ. ಜಪಾನೀಯರು ವರ್ಷವನ್ನು ಮೊದಲು ಬರೆಯುತ್ತಾರೆ. ಥಾಯ್ಲೆಂಡಿನಲ್ಲಿ ಬುದ್ಧಶಕೆ ರೂಢಿಯಲ್ಲಿರುವುದರಿಂದ ಅವರಿಗೆ ಅದು ೨೫೬೭ನೆಯ ವರ್ಷ!

ಇದು ಬರಿಯ ವಿನೋದವೆಂದು ವಾಚಕರು ತಿಳಿಯಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದ್ದರಿಂದ ಕೇರಿಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವ ಭಾರ ನನ್ನದು. ಒಮ್ಮೆ ಪಕ್ಕದ ಮನೆಯ ಅಕ್ಕನ ಮೊಬೈಲಿಗೆ, ಮಗನ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ೦೬/೦೭ ಎಂದು ಬಂತು. ಜುಲೈ ಆರೋ, ಜೂನ್ ಏಳೋ? ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಊಹಿಸಿ ಹೇಳಲು ಮನಸ್ಸಾಗದೆ ಫೋನು ಮಾಡಿ ವಿಚಾರಿಸಿದೆ. ಜೂನ್ ಏಳೇ ಆಗಿತ್ತು. ಉಳಿದದ್ದು ಎರಡೇ ದಿನ.

ಪ್ರೋಗ್ರಾಮು ಬರೆಯಲು ಕಲಿತ ಮೇಲೆ ಇದರ ಮರ್ಮ ತಿಳಿಯಿತು. ಕಂಪ್ಯೂಟರು ಸಾಮಾನ್ಯವಾಗಿ ಕಾಲವನ್ನು ೧೯೭೦ನೆಯ ಇಸವಿ ಜನವರಿ ಒಂದರಿಂದ ಎಣಿಸಿದ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಆ ಸಂಖ್ಯೆಗೆ ಭಾಷೆಯಿಲ್ಲ, ದೇಶವಿಲ್ಲ. ತೆರೆಯ ಮೇಲೆ ತೋರಿಸುವಾಗ ಅದಕ್ಕೆ ಉಡುಪು ತೊಡಿಸಬೇಕು. ಓದುವವರ ಭಾಷೆ, ದೇಶಗಳನ್ನು ಸಂಕೇತದಿಂದ ತಿಳಿಸಬೇಕು: ಕನ್ನಡಕ್ಕೆ ‘ಕೆಎನ್’, ಭಾರತಕ್ಕೆ ‘ಐಎನ್’. ತಿಳಿಸದೆ ಬಿಟ್ಟರೆ ಎಷ್ಟೋ ಸಲ ಅಮೆರಿಕದ ಕ್ರಮವೇ ಉಳಿದುಬಿಡುತ್ತದೆ.

ಆಯಾ ಭಾಷೆಯ ತಿಂಗಳ ಹೆಸರುಗಳನ್ನೂ ಬರೆಯುವ ಕ್ರಮವನ್ನೂ ಯೂನಿಕೋಡ್ ಸಂಸ್ಥೆಯ ‘ಸಿ.ಎಲ್.ಡಿ.ಆರ್.’ ಎಂಬ ಭಂಡಾರ ಒದಗಿಸುತ್ತದೆ. ಅದರಲ್ಲಿ ನಮ್ಮ ಕನ್ನಡವೂ ಇದೆಯೆಂದು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಸಂಕೇತ ಕೊಟ್ಟರೂ ಅಂಕಿಗಳು ಇಂಗ್ಲಿಷಿನವೇ ಬರುತ್ತವೆ. ಕನ್ನಡದ ಅಂಕಿ ಬೇಕಾದರೆ ಬೇರೆಯಾಗಿ ಕೇಳಬೇಕು. ಕೇಳಿದರೆ ಕೊಡುತ್ತದೆ; ಕೇಳುವವರು ಬೇಕು, ಅಷ್ಟೆ.

ಗೊಂದಲ ತಪ್ಪಲೆಂದು, ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಎಂಬ ಕ್ರಮವನ್ನು ೧೯೮೮ರಲ್ಲಿ ‘ಐ.ಎಸ್.ಒ. ೮೬೦೧’ ಎಂಬ ಅಂತರರಾಷ್ಟ್ರೀಯ ನಿಯಮ ಗೊತ್ತುಮಾಡಿತು. ಯಂತ್ರಗಳ ನಡುವಿನ ವ್ಯವಹಾರಕ್ಕೆ ಇದು ಉತ್ತಮ. ಮನುಷ್ಯರಿಗಾದರೋ ತಿಂಗಳ ಹೆಸರನ್ನು ಅವರ ಭಾಷೆಯ ಅಕ್ಷರದಲ್ಲೇ ಬರೆಯುವುದು ಲೇಸು. ‘ಜೂನ್ ೭’ ಎಂದಿದ್ದರೆ ಆ ಅಕ್ಕ ಯಾರನ್ನೂ ಕೇಳದೆ ತಾವೇ ಓದಿಕೊಳ್ಳುತ್ತಿದ್ದರು.

ನಮ್ಮಲ್ಲಿ ಕೆಲವರಾದರೂ ಮುಂದೆ ಇಂಥ ಪ್ರೋಗ್ರಾಮುಗಳನ್ನು ಬರೆಯುವವರೇ. ಅವರಲ್ಲಿ ನನ್ನದೊಂದು ಬಿನ್ನಹ: ತಾರೀಖಿಗೆ ಉಡುಪು ತೊಡಿಸುವ ಮುನ್ನ, ಅದನ್ನು ಓದುವವರು ಯಾರೆಂದು ಒಂದು ಕ್ಷಣ ಯೋಚಿಸಿರಿ.