ಗೆಲ್ಲಿಗೂ ಒಂದು ಕರಾರು

ಅಮೆರಿಕದ ಪೋರ್ಟ್‌ಲೆಂಡ್ ಬಿಟ್ಟು ಪಶ್ಚಿಮಕ್ಕೆ ಹೊರಟು ಹೆದ್ದಾರಿ 6 ಹಿಡಿದದ್ದೇ ತಡ, ಬಯಲು ಮುಗಿದು ಎರಡೂ ಕಡೆ ಡಗ್ಲಸ್ ಫರ್ ಮರಗಳು ಎದ್ದು ನಿಂತವು. ಪಕ್ಕದಲ್ಲೇ ವಿಲ್ಸನ್ ನದಿ. ನಮ್ಮ ಕಡೆಯ ದೇವಿಮನೆ ಘಟ್ಟ ಇಳಿಯುವಾಗಿನ ಹಾಗೇ ಜಿಟಿಜಿಟಿ ಮಳೆ, ಮಂಜು, ಕಣ್ಣು ತುಂಬುವ ಹಸಿರು. “ಮಾವ, ಇದೆಲ್ಲ ಒಂದು ಕಾಲಕ್ಕೆ ಬರೀ ಬೂದಿ” ಎಂದ, ಕಾರು ಓಡಿಸುತ್ತಿದ್ದ ಅಕ್ಕನ ಮಗ. ನನಗೆ ನಂಬಿಕೆ ಬರಲಿಲ್ಲ.

ಟಿಲಮುಕ್ ಕಾಡಿನಲ್ಲಿ ಅವನ ಪರಿಚಯದ ಅರಣ್ಯಾಧಿಕಾರಿಯೊಬ್ಬರು ತಲೆಗೆ ಹೆಲ್ಮೆಟ್ ಹಾಕಿಸಿ ಮರ ಕಡಿಯುವಲ್ಲಿಗೆ ಕರೆದೊಯ್ದರು. ಕಣಿವೆಯ ತಳದಿಂದ ಇಡೀ ಮರ, ಗೆಲ್ಲು ಸೊಪ್ಪು ಸಮೇತ, ಉಕ್ಕಿನ ಹಗ್ಗಕ್ಕೆ ಜೋತು ಮೇಲೇರಿ ಬರುತ್ತಿತ್ತು! ಮೇಲಿನ ಸಮತಟ್ಟಿನಲ್ಲಿ ಕಾದಿದ್ದ ಯಂತ್ರ ಅದರ ಕಾಂಡವನ್ನು ತಬ್ಬಿತು. ಹಲ್ಲಿನ ಉರುಳೆಗಳು ತಿರುಗಿದವು, ಕಾಂಡ ಸರ್ರನೆ ಸರಿಯಿತು, ಬಾಗಿದ ಕತ್ತಿಗಳಿಗೆ ಸಿಕ್ಕ ಗೆಲ್ಲುಗಳು ಪಟಪಟನೆ ಉದುರಿದವು. ನೋಡನೋಡುತ್ತಲೇ ಮರ ಬೋಳು. ಕೊಡಲಿ ಹಿಡಿದು ಇಷ್ಟು ಸವರಲು ನಮ್ಮೂರಲ್ಲಿ ಇಬ್ಬರಿಗೆ ಒಂದು ಬೆಳಗು ಬೇಕು.

ಬೋಳಾದ ದಿಮ್ಮಿಯ ಮೇಲೆ ಅಂಗೈ ಆಡಿಸಿದೆ. ಗೆಲ್ಲಿದ್ದ ಕಡೆ ಒಂದು ಮೋಟೂ ಚುಚ್ಚಲಿಲ್ಲ. ಅಂಟು ಮಾತ್ರ ಕೈಗೆ ಮೆತ್ತಿತು. “ಮೈಮಟ್ಟಕ್ಕೆ ಸವರಬೇಕು, ಕರಾರಿನಲ್ಲೇ ಇದೆ” ಎಂದರು ಅಧಿಕಾರಿ. ಸರ್ಕಾರ ನಿಂತ ಮರವನ್ನು ಹರಾಜಿನಲ್ಲಿ ಮಾರುತ್ತದೆ. ಕೊಂಡವನು ನಾಟಾ ಸಾಗಿಸಿದರೆ ಸಾಲದು, ಉದುರಿದ ಗೆಲ್ಲಿಗೂ ಅವನೇ ಹೊಣೆ. ಅದು ಹಳ್ಳಕ್ಕೆ ಬೀಳಕೂಡದು, ರಸ್ತೆಯಂಚಿನ ಚರಂಡಿ ಕಟ್ಟಕೂಡದು. ಮಣ್ಣು ಬೆರೆಸದೆ ರಾಶಿ ಹಾಕಬೇಕು, ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಮಳೆಗಾಲ ಹಿಡಿದ ಮೇಲೆ, ಹೊಗೆ ಊರ ಕಡೆ ಹೋಗದ ದಿನ ನೋಡಿ, ಅನುಮತಿ ಪಡೆದು ಸುಡಬೇಕು. ಇದಕ್ಕೆಲ್ಲ ಅವನು ಮೊದಲೇ ಭದ್ರತೆ ಕಟ್ಟಿರುತ್ತಾನೆ. ಬೇಸಿಗೆ ತೀರಾ ಒಣಗಿದರೆ ಮಧ್ಯಾಹ್ನ 1 ಗಂಟೆಗೆ ಗರಗಸವೇ ಬಂದ್.

ಬೆಂಕಿಗೆ ಸಂಬಂಧಿಸಿದ ಈ ಷರತ್ತುಗಳ ಹಿಂದೆ ಅಕ್ಕನ ಮಗ ಹೇಳಿದ ಆ ಬೂದಿ ಇದೆ. 1933ರ ಆಗಸ್ಟ್ 14ರಂದು ಇಲ್ಲೇ ಗೇಲ್ಸ್ ಕ್ರೀಕ್ ಬಳಿ ದಿಮ್ಮಿ ಎಳೆಯುವಾಗ ಉಜ್ಜಾಟಕ್ಕೆ ಕಿಡಿ ಹತ್ತಿತು. ಕಡಿದ ಜಾಗದಲ್ಲಿ ಬಿದ್ದಿದ್ದ ಒಣ ಗೆಲ್ಲುಗಳಿಂದ ಎದ್ದ ಬೆಂಕಿ ಸುಮಾರು 2,40,000 ಎಕರೆ ನುಂಗಿತು. 1939, 1945, 1951ರಲ್ಲಿ ಮತ್ತೆ ಮತ್ತೆ. ಆಮೇಲೆ ಜನ, ಶಾಲೆಯ ಮಕ್ಕಳೂ ಸೇರಿ, 7 ಕೋಟಿಗೂ ಹೆಚ್ಚು ಸಸಿ ನೆಟ್ಟರು. ನಾನು ಕತ್ತು ಎತ್ತಿ ನೋಡುತ್ತಿದ್ದುದು ಆ ಸಸಿಗಳನ್ನು!

ನಮ್ಮ ಸೊಪ್ಪಿನ ಬೆಟ್ಟದಲ್ಲಿ ಗೆಲ್ಲೇ ಸಂಪತ್ತು. ತುದಿ ಬಿಟ್ಟು ಸವರುತ್ತೇವೆ. ಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ಅಡಿಕೆ ತೋಟಕ್ಕೆ. ಇಷ್ಟೊಂದು ಸೊಪ್ಪನ್ನು ಸುಡುತ್ತಾರಲ್ಲ ಎಂದು ಜೀವ ಚುಳ್ ಎಂದಿತು, ಅದನ್ನು ಅಧಿಕಾರಿಗೂ ಹೇಳಿದೆ.

ಅವರು ಮಾತಾಡದೆ ರಾಶಿಯ ಹಾಳೆಯ ಮೂಲೆ ಎತ್ತಿ, ಒಳಗಿನಿಂದ ಒಂದು ಕಡ್ಡಿ ಎಳೆದು ನನ್ನ ಕೈಗಿತ್ತರು. ಮೂರು ದಿನದಿಂದ ಮಳೆ ಹಿಡಿದಿತ್ತು, ನನ್ನ ಅಂಗಿ ತೊಪ್ಪೆಯಾಗಿತ್ತು. ಕಡ್ಡಿ ಚಟ್ಟನೆ ಮುರಿಯಿತು.