ದುಡ್ಡಿಲ್ಲದೆ ಸಿಗುವ ಬಿಸಿಲು

"ಏಳಪ್ಪಾ, ಬಿಸ್ಲು ಏರೋದ್ರೊಳಗೆ ಹೊಳಲ್ಕೆರೆ ದಾಟಿರ್ಬೇಕು."

ಅತ್ತೆಯ ದನಿಗೆ ನಿಮಗೆ ಎಚ್ಚರವಾಗುತ್ತದೆ. ಗಡಿಯಾರದಲ್ಲಿ ಐದೂವರೆ. ಹೊರಕೆರೆದೇವಪುರದ ನವೆಂಬರ್ ಬೆಳಗು ಕಂಬಳಿ ಬಿಡಿಸಿಕೊಳ್ಳಲು ಒಪ್ಪದಷ್ಟು ತಣ್ಣಗಿದೆ. ಹಿತ್ತಿಲಲ್ಲಿ ಹಂಡೆಗೆ ಅಡಿಕೆ ಸಿಪ್ಪೆಯ ಉರಿ. ಅಡುಗೆಮನೆಯಿಂದ ಹುಚ್ಚೆಳ್ಳು ಹುರಿದ ಘಮ.

ನಿನ್ನೆ ರಾತ್ರಿ ಊಟವಾದ ಮೇಲೆ ಅತ್ತೆ ಫೋನಿನಲ್ಲಿ ಫೋಟೋ ತೋರಿಸಿದ್ದರು. ಜರ್ಮನಿಯಲ್ಲಿ ಕೆಲಸಕ್ಕಿರುವ ಮಗಳು ಬೇಸಿಗೆ ರಜೆಯಲ್ಲಿ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿ ಬಂದದ್ದು. ನೀಲಿ ಕಡಲು, ಮರಳ ಮೇಲೆ ಅಂಗಾತ ಮಲಗಿದ ಜನ, ಸಕ್ಕರೆ ಪುಡಿ ಉದುರಿಸಿದ, ಸಿಂಬಿ ಸುತ್ತಿದಂಥ ಎನ್ಸಾಯಿಮಾದಾ ಎಂಬ ರೊಟ್ಟಿ, ಬಾದಾಮಿ ತೋಟ. ಪಾಲ್ಮಾ ನಗರದ ಹೊರಗಿನ ಬಯಲಿನಲ್ಲಿ ಸಾಲಾಗಿ ನಿಂತ ಹಳೆಯ ಗಾಳಿಯಂತ್ರಗಳು. ನೆಲದೊಳಗಿನ ನೀರೆತ್ತಲು ರೈತರು ಕಟ್ಟಿಕೊಂಡವು. ಇಡೀ ದ್ವೀಪ ನಮ್ಮ ಚಿತ್ರದುರ್ಗ ಜಿಲ್ಲೆಯ ಅರ್ಧಕ್ಕಿಂತ ಚಿಕ್ಕದು. ಅತ್ತೆ ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, "ದುಡ್ಡು ಕೊಟ್ಟು ಬಿಸ್ಲು ಕಾಯಿಸ್ಕೊಳ್ಳೋಕೆ ಹೋಗ್ಯಾಳೆ ನೋಡು" ಎಂದು ನಕ್ಕಿದ್ದರು. ಆಮೇಲೆ ಮಾವನ ಕಡೆ ತಿರುಗಿ, "ನಾಳೆ ಇವ್ನಿಗೂ ನಮ್ ಬಿಸ್ಲು ತೋರಿಸ್ಕೊಂಡ್ ಬನ್ನಿ" ಎಂದಿದ್ದರು.

ಅದಕ್ಕೇ ಈ ಹೊರಡಾಟ. ಮಾವ ಹಳೆಯ ಓಮ್ನಿಯ ಗಾಜು ಒರೆಸುತ್ತಿದ್ದಾರೆ. ಅತ್ತೆ ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್ ಅನ್ನು ಹಿಂದಿನ ಸೀಟಿಗೆ ಸೇರಿಸಿ, ಅಲುಗದಂತೆ ಟವೆಲ್ ಒತ್ತರಿಸುತ್ತಾರೆ. ಊರಿನವರ ಬಾಯಲ್ಲಿ ಹೊರಕೆರೆದೇವಪುರ ಎಂದರೆ ಎಚ್.ಡಿ. ಪುರ. ಲಕ್ಷ್ಮೀನರಸಿಂಹಸ್ವಾಮಿಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು ನೀವು ಒಳಗೆ ಹೋಗುತ್ತೀರಿ. ರಾತ್ರಿಯ ಚಳಿಯನ್ನೆಲ್ಲ ಹಿಡಿದಿಟ್ಟ ಕಲ್ಲು ಅಂಗಾಲಿಗೆ ಜುಮ್ಮೆನ್ನುತ್ತದೆ. ಈ ಕಲ್ಲಿನ ಮೇಲೇ ಮಧ್ಯಾಹ್ನ ಒಂದು ಹೆಜ್ಜೆಯೂ ಇಡಲಾಗದು ಎಂದು ಮಾವ ಹೇಳುತ್ತಾರೆ.

ಊರು ದಾಟಿದ್ದೇ ಅಡಿಕೆ ತೋಟಗಳು. ನಡುನಡುವೆ ಕೊಯ್ಲಿಗೆ ಬಂದ ರಾಗಿ ಹೊಲ, ತೆನೆ ಬಾಗಿ ಕಂದು ತಿರುಗಿದ್ದು. ದೂರದ ಗುಡ್ಡದ ನೆತ್ತಿಯ ಮೇಲೆ ಬಿಳಿ ಗಾಳಿಯಂತ್ರಗಳು ನಿಧಾನಕ್ಕೆ ರೆಕ್ಕೆ ತಿರುಗಿಸುತ್ತಿವೆ. ಮಯೋರ್ಕಾದವು ನೀರೆತ್ತುತ್ತಿದ್ದವು, ಇವು ಕರೆಂಟು ತೆಗೆಯುತ್ತವೆ. ಎರಡನ್ನೂ ತಿರುಗಿಸುವುದು ಗಾಳಿಯೇ.

ಹೊಳಲ್ಕೆರೆಯಲ್ಲಿ ಮೊದಲು ಹೊಟ್ಟೆ. ಹೋಟೆಲಿನ ಬಾಗಿಲಲ್ಲೇ ಬಾಣಲೆ. ಅಣ್ಣನೊಬ್ಬ ಬುಟ್ಟಿಯಿಂದ ಮಂಡಕ್ಕಿ ಮೊಗೆದು ನೀರಿನ ಬಕೆಟ್ಟಿಗೆ ಸುರಿಯುತ್ತಾನೆ. ಅದು ನೆನೆಯುವುದಕ್ಕೆ ಬಿಡದೆ, ಎರಡೂ ಅಂಗೈಯಲ್ಲಿ ಹಿಂಡಿ ತೆಗೆಯುತ್ತಾನೆ. ಒಂದು ಗಳಿಗೆ ತಡವಾದರೂ ಮುದ್ದೆಯಾಗುತ್ತದೆ, ಬೇಗ ತೆಗೆದರೆ ಗಂಟಲಿಗೆ ಸಿಕ್ಕುತ್ತದೆ. ಸಾಸಿವೆ ಸಿಡಿದು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನ ಬಿದ್ದ ಎಣ್ಣೆಗೆ ಅದು ಬೀಳುತ್ತಲೇ ಹಳದಿ ಏರುತ್ತದೆ. ಮೇಲೆ ಹುರಿಗಡಲೆ ಪುಡಿ. "ಮೆಣಸಿನಕಾಯಿ ಎಲ್ಡು ಹಾಕ್ಲಾ ಅಣ್ಣಾ?" ಎನ್ನುತ್ತಾ, ನೀವು ತಲೆಯಾಡಿಸುವ ಮೊದಲೇ ಎರಡು ಬಿಸಿ ಮಿರ್ಚಿ ತಟ್ಟೆಗೆ ಬೀಳುತ್ತವೆ. ಮಂಡಕ್ಕಿ ಒಗ್ಗರಣೆ ಮತ್ತು ಮೆಣಸಿನಕಾಯಿ: ದಾವಣಗೆರೆಯಿಂದ ದುರ್ಗದ ತನಕ ಈ ಜೋಡಿಯನ್ನು ಬೇರ್ಪಡಿಸಿದವರಿಲ್ಲ.

ಅಲ್ಲಿಂದ ಬಯಲು ಗಣಪನ ಹತ್ತಿರ. 1475ರಲ್ಲಿ ಗುಲ್ಯಪ್ಪ ನಾಯಕ ನಿಲ್ಲಿಸಿದ ಮೂರ್ತಿ. ನೆತ್ತಿಯ ಮೇಲೆ ಸೂರಿಲ್ಲ. ಐನೂರು ವರ್ಷ ದಾಟಿದ ಮಳೆ ಬಿಸಿಲೆಲ್ಲ ನೇರ ಇವನ ಮೈಮೇಲೇ. ನೀವು ಕತ್ತೆತ್ತಿ ಸೊಂಡಿಲು, ಹೊಟ್ಟೆ ನೋಡಿ ಕೈಮುಗಿದು ಹೊರಡಲಿದ್ದೀರಿ. ಮಾವ ತಡೆದು, "ಹಿಂದಕ್ಕೆ ಬಾ" ಎನ್ನುತ್ತಾರೆ. ಸುತ್ತಿ ಹೋದರೆ ಗಣಪನ ಬೆನ್ನ ಮೇಲೆ ಇಳಿಬಿಟ್ಟ ಜಡೆ! ಯಾರೂ ನೋಡದ ಬೆನ್ನಿಗೂ ಉಳಿ ಹಿಡಿದು ಕೂತ ಶಿಲ್ಪಿಯನ್ನು ನೆನೆಯುತ್ತಾ ನಿಲ್ಲುತ್ತೀರಿ. ಪಕ್ಕದಲ್ಲಿ ನಿಂತ ಅಜ್ಜಿ ಮೊಮ್ಮಗಳ ಎರಡೆಳೆ ಜಡೆ ಹಿಡಿದು, "ನೋಡು, ನಿಂದಕ್ಕಿಂತ ಅಚ್ಚುಕಟ್ಟು" ಎನ್ನುತ್ತಾಳೆ.

ಹತ್ತೂವರೆಗೆ ಬಿಸಿಲು ಬಲಿತಿದೆ. ಹೊಸದುರ್ಗದ ಕಡೆ ಸಾಗಿದಂತೆ ಅಡಿಕೆ ಹಿಂದೆ ಸರಿದು ತೆಂಗು, ದಾಳಿಂಬೆ, ಸಾಮೆ ಕೊಯ್ದ ಕೂಳೆ ಹೊಲಗಳು ಬರುತ್ತವೆ. ಹಾಲುರಾಮೇಶ್ವರದಲ್ಲಿ ಇಳಿದಾಗ ಮರಗಳ ತಂಪು ಮೈಗೆ ತಾಕಿ ಉಸಿರು ಸರಾಗವಾಗುತ್ತದೆ. ಇಲ್ಲಿ ಈಶ್ವರನ ಗುಡಿಯಷ್ಟೇ ಹೆಸರು ಗಂಗೆಯ ಕೊಳಕ್ಕೆ. ಹರಕೆ ಹೊತ್ತವರು ದಂಡೆಯಲ್ಲಿ ಕೂತು ಬೇಡಿಕೊಳ್ಳುತ್ತಾರೆ. ನೀರಿನಿಂದ ಏನು ಮೇಲೆ ಬರುತ್ತದೋ ಅದೇ ಗಂಗಮ್ಮನ ಉತ್ತರ ಎಂಬ ನಂಬಿಕೆ. ತೆಂಗಿನಕಾಯಿ, ಬಳೆ, ಅಡಿಕೆ. ಮಗುವಿಗಾಗಿ ಬೇಡಿದವರಿಗೆ ಪುಟ್ಟ ತೊಟ್ಟಿಲು. ನಿಮ್ಮ ಮುಂದೆ ಹೊಸ ಜೋಡಿಯೊಂದು ಕೂತಿದೆ. ಹುಡುಗಿ ಕಣ್ಣು ಮುಚ್ಚಿದ್ದಾಳೆ, ಹುಡುಗ ಮಾತ್ರ ನೀರಿನಿಂದ ಕಣ್ಣು ಕೀಳುತ್ತಿಲ್ಲ. ಗುಳ್ಳೆಯೊಂದು ಎದ್ದು ಒಡೆಯುತ್ತದೆ. ಸುತ್ತ ಕೂತ ಇಪ್ಪತ್ತು ಜನರೂ ಒಮ್ಮೆಗೇ ಮುಂದಕ್ಕೆ ಬಾಗುತ್ತಾರೆ. ಅವರೊಂದಿಗೆ ನೀವೂ ಬಾಗಿದ್ದೀರಿ.

ಹನ್ನೆರಡೂವರೆ. ಇನ್ನು ಮೂರರ ತನಕ ಎಲ್ಲಿಗೂ ಅಲುಗುವುದಿಲ್ಲ ಎಂಬುದು ಮಾವನ ಕಾನೂನು. ಸ್ಪೇನಿನವರು ಮಧ್ಯಾಹ್ನದ ನಿದ್ದೆಗೆ ಸಿಯೆಸ್ತಾ ಎಂದು ಹೆಸರಿಟ್ಟು ಲೋಕಕ್ಕೆಲ್ಲ ಸಾರಿದ್ದಾರೆ. ಬಯಲುಸೀಮೆಯವರು ಹೆಸರಿಡುವ ಗೋಜಿಗೆ ಹೋಗದೆ ಹೊಂಗೆ ಮರದ ಕೆಳಗೆ ಟವೆಲ್ ಹಾಸುತ್ತಾರೆ. ಮೊದಲು ಕ್ಯಾರಿಯರ್ ಬಿಚ್ಚಬೇಕು. ಮೇಲಿನ ಡಬ್ಬಿಯಲ್ಲಿ ಹುಚ್ಚೆಳ್ಳು ಚಟ್ನಿ, ಅದರ ಕೆಳಗೆ ರಾಗಿರೊಟ್ಟಿ, ಮೂರನೆಯದರಲ್ಲಿ ಹುರುಳಿಕಟ್ಟಿನ ಸಾರು, ತಳದಲ್ಲಿ ಸಾಮೆ ಅನ್ನ. ಸಾಮೆಯ ಕಾಳು ಅಕ್ಕಿ ನುಚ್ಚಿನಷ್ಟು ಸಣ್ಣದು. ನೀರಿನಲ್ಲಿ ಮೂರು ನಾಲ್ಕು ಸಲ ಆಡಿಸಿ ಕಲ್ಲು ತೆಗೆಯದಿದ್ದರೆ ಹಲ್ಲಿಗೆ ಕೆಲಸ. ಅತ್ತೆ ರಾತ್ರಿಯೇ ಆ ಕೆಲಸ ಮುಗಿಸಿದ್ದರು. ಮಳೆ ಕೈಕೊಟ್ಟರೂ ಒಂದಿಷ್ಟಾದರೂ ಕೈಗೆ ಹತ್ತುವ ಬೆಳೆ ಎಂದೇ ಹೊಸದುರ್ಗದ ರೈತರು ಸಾಮೆ ಬಿಟ್ಟಿಲ್ಲ. ಅನ್ನದ ನಡುವೆ ಗುಂಡಿ ಮಾಡಿ ಸಾರು ಹೊಯ್ದುಕೊಳ್ಳುತ್ತೀರಿ. ಉದುರುದುರಾದ ಅನ್ನ ಅದನ್ನು ಹೀರಿ ಮೆತ್ತಗಾಗುತ್ತದೆ. ಕೊನೆಗೆ ಒಂದು ದಾಳಿಂಬೆ. ಆಮೇಲೆ ಹೊಂಗೆಯ ನೆರಳು, ಜೊಂಪು.

ನಾಲ್ಕರ ಹೊತ್ತಿಗೆ ನೀವು ಮಾರಿಕಣಿವೆಯಲ್ಲಿದ್ದೀರಿ. ದಿನವಿಡೀ ಧೂಳು, ಕಲ್ಲು, ಕುರುಚಲು ನೋಡಿದ ಕಣ್ಣಿಗೆ ಎರಡು ಗುಡ್ಡಗಳ ನಡುವಿನ ಈ ನೀರು ನಂಬಲಾಗದ್ದು. ಕಣಿವೆ ಮಾರಮ್ಮನಿಗೆ ಕೈಮುಗಿದು ಏರಿಯ ಮೇಲೆ ನಡೆಯುತ್ತೀರಿ. ಬಾಬಾಬುಡನ್ ಗಿರಿಯ ಕಡೆ ಹುಟ್ಟಿದ ವೇದಾ, ಆವತಿ ಎಂಬ ಎರಡು ಹಳ್ಳಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಮಲೆನಾಡಿನ ಅಂಚಿನ ಆ ಮಳೆಯನ್ನು ಇಲ್ಲಿ ತಡೆದು ನಿಲ್ಲಿಸಿದ್ದು ಮೈಸೂರು ಸಂಸ್ಥಾನ. ಕಟ್ಟೆ ಮುಗಿದದ್ದು 1907ರಲ್ಲಿ. ರೀಜೆಂಟರಾಗಿ ರಾಜ್ಯ ನೋಡಿಕೊಂಡಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನಿಂದ ಇದು ವಾಣಿವಿಲಾಸ ಸಾಗರ. ಕಡಲಿಲ್ಲದ ಸೀಮೆಯಲ್ಲಿ ಸಾಗರ ಎಂಬ ಹೆಸರು ದೊಡ್ಡ ಮಾತೆನಿಸಬಹುದು. ಏರಿಯ ಮೇಲೆ ನಿಂತರೆ ಹಾಗೆನಿಸುವುದಿಲ್ಲ.

ಕಲ್ಲಿನ ಮಂಟಪದ ಹತ್ತಿರ ಮಾವ ಗೋಡೆಗೆ ಒರಗುತ್ತಾರೆ. "ನೂರಾ ಮೂವತ್ತಡಿ ಆದ್ರೆ ಕೋಡಿ. 1933ರಲ್ಲಿ ಬಿದ್ದಿತ್ತು. ನಮ್ಮಜ್ಜ ಎತ್ತಿನಗಾಡಿ ಕಟ್ಕೊಂಡು ಬಂದು ನೋಡಿದ್ರಂತೆ. ಅಪ್ಪ ಕೊನೇ ತನಕ ಅದ್ನೇ ಕೇಳ್ತಾ ಇದ್ರು, ನೋಡ್ಲಿಲ್ಲ. 2022ರಲ್ಲಿ ಮತ್ತೆ ಬಿತ್ತು ನೋಡು, ಎಂಬತ್ತೊಂಬತ್ತು ವರ್ಷ ಆದ್ಮೇಲೆ. ನಿಮ್ಮತ್ತೇನ ಕರ್ಕೊಂಡ್ ಬಂದಿದ್ದೆ. ಜಾತ್ರೆ ಜನ." 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಮೂರು ತಲೆಮಾರಿನಲ್ಲಿ ಎರಡು ತಲೆಮಾರು ಕಂಡ ನೀರು. ಗಾಳಿ ಎದ್ದಿದೆ, ಸಣ್ಣ ಅಲೆಗಳು ಕಲ್ಲುಕಟ್ಟಡಕ್ಕೆ ಬಂದು ತಟ್ಟುತ್ತವೆ. ಕೆಳಗೆ ಅಂಗಡಿಯೊಂದರಲ್ಲಿ ಖಾರ ಸವರಿದ ಮೀನು ಎಣ್ಣೆಗೆ ಬಿದ್ದ ಸದ್ದು. ಹಿನ್ನೀರಿನ ಕಡೆ ಸೂರ್ಯ ಇಳಿದು, ನೀರಿನ ಮೇಲೆ ತಾಮ್ರದ ಬಣ್ಣದ ದಾರಿಯೊಂದು ನಿಮ್ಮ ಕಾಲ ಬುಡದವರೆಗೂ ಚಾಚುತ್ತದೆ. ನೀವು ಫೋಟೋ ತೆಗೆದು ಜರ್ಮನಿಗೆ ಕಳಿಸುತ್ತೀರಿ. ಉತ್ತರ ತಕ್ಷಣ ಬರುತ್ತದೆ: "ಅಮ್ಮ ಸಾಮೆ ಅನ್ನ ಮಾಡಿದ್ರಾ?"

ಇನ್ನೊಂದು ರಾತ್ರಿ ಉಳಿಯುವುದಾದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಕಟ್ಟಿ ಬೆಳೆಸಿದ ಶಿವಸಂಚಾರ ನಾಟಕ ತಂಡ 1997ರಿಂದ ನಾಡೆಲ್ಲ ಸುತ್ತುತ್ತಿದೆ. ನವೆಂಬರಿನ ನಾಟಕೋತ್ಸವದ ಹೊತ್ತಿಗೆ ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಸುತ್ತಮುತ್ತಲ ಹಳ್ಳಿಯವರು ಕಂಬಳಿ ಹೊದ್ದು ಕೂತಿರುತ್ತಾರೆ. ಜಾಗ ಬೇಕಿದ್ದರೆ ಕತ್ತಲಾಗುವ ಮೊದಲೇ ಸೇರಿಕೊಳ್ಳಿ.

ಬರುವವರಿಗೆ ಇಷ್ಟು ಹೇಳಬಹುದು. ನವೆಂಬರಿನಿಂದ ಫೆಬ್ರವರಿಯೊಳಗೆ ಬನ್ನಿ. ಬೆಂಗಳೂರು–ಹುಬ್ಬಳ್ಳಿ ಹಳಿಯ ಮೇಲೆ ಹೊಸದುರ್ಗ ರೋಡ್, ಹೊಳಲ್ಕೆರೆ ಎರಡೂ ನಿಲ್ದಾಣಗಳಿವೆ. ಆದರೆ ಒಂದೇ ದಿನದಲ್ಲಿ ಇಷ್ಟೂ ನೋಡಲು ಸ್ವಂತ ಗಾಡಿ ಇರಬೇಕು. ಆರಕ್ಕೆ ಹೊರಡಿ, ಮಧ್ಯಾಹ್ನ ಮರ ಹುಡುಕಿ, ಸಂಜೆಯನ್ನು ಕಣಿವೆಗೆ ಇಟ್ಟುಕೊಳ್ಳಿ. ಸಾಮೆ ಅನ್ನ ಉಣ್ಣುವ ಆಸೆಯಿದ್ದರೆ ನೆಂಟರಿಗೆ ಹಿಂದಿನ ದಿನವೇ ತಿಳಿಸಿ. ಕಲ್ಲು ತೆಗೆಯುವುದಕ್ಕೆ ಹೊತ್ತು ಹಿಡಿಯುತ್ತದೆ.