ಹುಸಿಹವಳ

ನಕಲಿ ಎಂಬ ಮಾತಿಗೆ ಗೃಹಸ್ಥರ ಮನೆಯಲ್ಲಿ ಎಂದೂ ಮರ್ಯಾದೆ ದೊರೆತದ್ದಿಲ್ಲ. ನಕಲಿ ಚಿನ್ನ, ನಕಲಿ ತುಪ್ಪ, ನಕಲಿ ರೇಷ್ಮೆ ಎಂದು ಹೆಸರೆತ್ತಿದರೆ ಸಾಕು, ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಅಸಲಿಯಾದದ್ದೆಲ್ಲ ಒಳ್ಳೆಯದು, ನಕಲಿಯಾದದ್ದೆಲ್ಲ ಕೆಟ್ಟದ್ದು ಎಂಬುದು ತೊಟ್ಟಿಲಿನಿಂದಲೇ ಬಂದ ನಂಬಿಕೆ. ಈ ನಂಬಿಕೆ ಎಲ್ಲ ಕಡೆಯೂ ನಿಲ್ಲುವುದಿಲ್ಲವೆಂಬುದನ್ನು ಬಸವನಗುಡಿಯ ಒಂದು ಮನೆಯವರು ಉಪ್ಪುನೀರಿನ ಒಂದು ಗಾಜಿನ ತೊಟ್ಟಿಯಿಂದ ಕಲಿತರು. ಕಲಿಕೆಗೆ ತೆತ್ತ ಬೆಲೆ ಮಾತ್ರ ಒಂದು ಜೀವ.

ಆ ಮನೆಯ ಯಜಮಾನರು ನಿವೃತ್ತ ರಸಾಯನಶಾಸ್ತ್ರದ ಅಧ್ಯಾಪಕರು. ಬೀದಿಯವರೆಲ್ಲ ಅವರನ್ನು ರಾಯರೆಂದೇ ಕರೆಯುವುದು ವಾಡಿಕೆ. ನಿವೃತ್ತಿಯಾದವರು ಗೀತಾಪಾರಾಯಣಕ್ಕೋ ಗುಲಾಬಿ ತೋಟಕ್ಕೋ ಮನಸ್ಸು ಕೊಡುವುದುಂಟು. ರಾಯರಿಗೆ ಹಿಡಿದ ಹುಚ್ಚು ಸಮುದ್ರದ್ದು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನ ನಡುಮನೆಯಲ್ಲಿ, ಎಂಟು ವರ್ಷದ ಮೊಮ್ಮಗಳ ಕಣ್ಣಿಗೆ ಕಡಲನ್ನು ತೋರಿಸಬೇಕೆಂದು ಅವರು 200 ಲೀಟರಿನ ಅಕ್ವೇರಿಯಂ ಕಟ್ಟಿಸಿದರು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಆ ಲೆಕ್ಕಕ್ಕೆ 7 ಕಿಲೋ ಉಪ್ಪು ಬೇಕಾಯಿತು.

“ಇಷ್ಟು ಉಪ್ಪಿನಲ್ಲಿ ನಾನು ಮೂರು ವರ್ಷದ ಮಾವಿನಕಾಯಿ ಹಾಕುತ್ತಿದ್ದೆ” ಎಂದರು ಅವರ ಮಡದಿ.

“ಇದು ಅಡಿಗೆಯ ಉಪ್ಪಲ್ಲ. ಇದರಲ್ಲಿ ಮೆಗ್ನೀಷಿಯಂ ಇದೆ, ಕ್ಯಾಲ್ಸಿಯಂ ಇದೆ, ಕಡಲಿನಲ್ಲಿರುವುದೆಲ್ಲ ಇದೆ” ಎಂದು ರಾಯರು ಪಾಠ ಆರಂಭಿಸುವಷ್ಟರಲ್ಲಿ ಆಕೆ ಒಳಗೆ ಹೋಗಿಯಾಗಿತ್ತು.

ನೀರಿನ ಸಾಂದ್ರತೆ 1.025ಕ್ಕೆ ಬಂದು ನಿಂತಿತು. ಅದರ ಮೇಲೆ ಆರು ವಾರಗಳ ಕಾಲ ತೊಟ್ಟಿಯಲ್ಲಿ ಒಂದು ಮೀನೂ ಇರಲಿಲ್ಲ. ಮೀನಿನ ಹೇಸಿಗೆಯಿಂದ ಹುಟ್ಟುವ ಅಮೋನಿಯ ಮೀನಿಗೇ ವಿಷ. ಅದನ್ನು ಅರಗಿಸಬಲ್ಲ ಸೂಕ್ಷ್ಮಾಣುಗಳು ರಂಧ್ರಗಳುಳ್ಳ ಸುಟ್ಟ ಮಣ್ಣಿನ ಕಲ್ಲುಗಳ ಮೇಲೆ ಮೊದಲು ನೆಲೆಯೂರಬೇಕು. ಖಾಲಿ ನೀರನ್ನು ದಿನವೂ ನೋಡುತ್ತ ಕುಳಿತ ಗಂಡನನ್ನು ಕಂಡು, ತಪಸ್ಸಿಗೆ ಕಾಡಿಗೇ ಹೋಗಬೇಕಾಗಿಲ್ಲವೆಂದು ಮಡದಿ ಸಮಾಧಾನಪಟ್ಟುಕೊಂಡರು.

ಇನ್ನು ಅಲಂಕಾರದ ಮಾತು. ಅಲಂಕಾರವು ನೋಡುವವರ ಸಂತೋಷಕ್ಕೆ ಮಾತ್ರ ಇರುವುದಲ್ಲ. ಅಡಗಲು ಮರೆಯಿಲ್ಲದ ಮೀನು ಹಗಲಿರುಳು ಬೆದರಿ ಸೊರಗುತ್ತದೆ. ರಾಯರು ಅದಕ್ಕಾಗಿ ಅಂಗಡಿ ಅಂಗಡಿ ಅಲೆದರು. ಒಂದು ಕಡೆ ಅಂಗಡಿಯವನು ಅತ್ತಿತ್ತ ನೋಡಿ, ಒಳಗಿನಿಂದ ಕಾಗದದಲ್ಲಿ ಸುತ್ತಿದ ಬಿಳಿಯ ಹವಳದ ಕೊಂಬೆಯನ್ನು ತಂದು, “ಅಸಲಿ ಮಾಲು ಸ್ವಾಮಿ, ನಿಮ್ಮಂಥವರಿಗೆಂದೇ ಇಟ್ಟಿದ್ದೇನೆ” ಎಂದು ಪಿಸುಗುಟ್ಟಿದ. ರಾಯರು ಅದನ್ನು ಮುಟ್ಟಲಿಲ್ಲ. ಮೊಮ್ಮಗಳ ಕೈಹಿಡಿದು ಮೆಟ್ಟಿಲಿಳಿದರು.

“ಎಷ್ಟು ಚೆನ್ನಾಗಿತ್ತು! ಯಾಕೆ ತಾತ ಬೇಡ ಎಂದೆ?” ಎಂದಳು ಹುಡುಗಿ.

ದಾರಿಯುದ್ದಕ್ಕೂ ಅದೇ ಪಾಠವಾಯಿತು. ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಕೂಡಿ ಕಟ್ಟಿಕೊಂಡ ಸುಣ್ಣದ ಮನೆ ಅದು. ದುಂಡು ಹವಳವೊಂದು ವರ್ಷಕ್ಕೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯದು. ಅದನ್ನು ಮುರಿಯಲು ಒಂದು ಗಳಿಗೆ ಸಾಕು. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಕನ್ನಡನಾಡಿನ ಕಡಲಿನಲ್ಲೂ ಹವಳಗಳಿವೆ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ಭಾರತ ಸರ್ಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ದೊರೆಯಿತು.

ರಾಯರು ಇನ್ನೊಂದು ಕಥೆಯನ್ನೂ ಹೇಳಿದರು. ಇಂಗ್ಲೆಂಡಿನಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನಿದ್ದ. ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಬಗೆಯನ್ನು ಅವನು 1854ರ ತನ್ನ ‘ದಿ ಅಕ್ವೇರಿಯಂ’ ಎಂಬ ಪುಸ್ತಕದಲ್ಲಿ ವಿವರಿಸಿದ. ಜನಕ್ಕೆ ಹುಚ್ಚು ಹಿಡಿಯಿತು. ಮನೆಮನೆಯಲ್ಲೂ ಗಾಜಿನ ಕಡಲು ಬಂತು. ಅವುಗಳನ್ನು ತುಂಬಲು ಜನ ಬುಟ್ಟಿ ಹಿಡಿದು ತೀರಕ್ಕಿಳಿದರು, ಬಂಡೆಗಳ ನಡುವಣ ಕೊಳಗಳನ್ನು ಬರಿದುಮಾಡಿದರು. ಕಡಲನ್ನು ಪ್ರೀತಿಸಲು ಕಲಿಸಿದವನ ಪುಸ್ತಕವೇ ಕಡಲ ತೀರಕ್ಕೆ ಎರವಾಯಿತು. ಆ ನಾಶದ ದುಃಖವನ್ನು ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ಬರೆದಿಟ್ಟಿದ್ದಾನೆ.

“ಹಾಗಾದರೆ ನಮಗೆ ನಕಲಿ ಹವಳವೇ ಸಾಕು” ಎಂದಳು ಮೊಮ್ಮಗಳು.

ಆದರೆ ನಕಲಿಯನ್ನು ಆರಿಸುವುದು ಅಸಲಿಯನ್ನು ಆರಿಸುವುದಕ್ಕಿಂತ ಕಷ್ಟ. ಸಿಹಿನೀರಿನಲ್ಲಿ ಸುಮ್ಮನಿರುವ ವಸ್ತು ಉಪ್ಪುನೀರಿನಲ್ಲಿ ಸುಮ್ಮನಿರುವುದಿಲ್ಲ. ಉಪ್ಪು ಲೋಹವನ್ನು ತಿನ್ನುತ್ತದೆ, ಕಳಪೆ ಬಣ್ಣವನ್ನು ಸುಲಿಯುತ್ತದೆ. ರಾಯರು ಪ್ರಯೋಗಶಾಲೆಯ ಶಿಸ್ತಿನಿಂದ ಪರೀಕ್ಷೆ ನಡೆಸಿದರು. ರೆಸಿನ್ನಿನ ಅರಮನೆಯೊಂದರ ಬಣ್ಣ ಉಗುರಿನಿಂದ ಕೆರೆದರೆ ಎದ್ದುಬಂತು. ಅದು ಅಲ್ಲಿಗೇ ಅನರ್ಹವಾಯಿತು. ಪ್ಲಾಸ್ಟಿಕ್ಕಿನ ಗಿಡವೊಂದರ ಕಾಂಡದೊಳಗೆ ತಂತಿಯಿತ್ತು. ಅದೂ ಹೋಯಿತು. ಚನ್ನಪಟ್ಟಣದ ಅರಗಿನ ಬಾತುಕೋಳಿಯನ್ನು ಮೊಮ್ಮಗಳು ತಂದುಕೊಟ್ಟಾಗ, ಮರವು ನೀರು ಕುಡಿದು ಉಬ್ಬುತ್ತದೆ, ಅರಗು ಬಿರಿಯುತ್ತದೆ ಎಂದು ವಿನಯದಿಂದಲೇ ಹಿಂತಿರುಗಿಸಿದರು. ಟೊಳ್ಳಾದ ಗವಿಯೊಂದಕ್ಕೆ ಹಿಂದೆ ಮುಂದೆ ತೂತು ಕೊರೆದರು. ನೀರು ಆಡದ ಪೊಳ್ಳಿನಲ್ಲಿ ಕಸ ಕೂತು ಕೊಳೆತರೆ ಕೊಳೆತ ಮೊಟ್ಟೆಯ ವಾಸನೆಯ ವಿಷವಾಯು ಹುಟ್ಟುತ್ತದೆ.

ಒಂದು ಪರೀಕ್ಷೆಗೆ ಮಾತ್ರ ಮಡದಿಯ ನೆರವು ಬೇಕಾಯಿತು. ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ಪ್ರತಿಯೊಂದು ಹವಳದ ಮೇಲೂ ಎಳೆದು ನೋಡಿದರು. ನೂಲು ಸಿಕ್ಕಿಕೊಂಡ ಕಡೆ ಮೀನಿನ ರೆಕ್ಕೆಯೂ ಹರಿಯುತ್ತದೆ. ಅಂಥ ಮೊನೆಗಳನ್ನು ಉಜ್ಜಿ ನಯಮಾಡಿದರು. ಉಳಿದವನ್ನು ಸಾಬೂನು ಸೋಕಿಸದೆ ಬಿಸಿನೀರಿನಲ್ಲಿ ತೊಳೆದು, ಉಪ್ಪುನೀರಿನ ಬಕೆಟ್ಟಿನಲ್ಲಿ ಎರಡು ವಾರ ಮುಳುಗಿಸಿಟ್ಟರು. ನೀರಿಗೆ ಬಣ್ಣವಾಗಲಿ ವಾಸನೆಯಾಗಲಿ ನೊರೆಯಾಗಲಿ ಬರದಿದ್ದರೆ ಮಾತ್ರ ತೊಟ್ಟಿಗೆ ಪ್ರವೇಶ. ಭಾರವಾದವನ್ನು ಮರಳಿನ ಮೇಲಿಡದೆ ತಳದ ಮೇಲೆಯೇ ನಿಲ್ಲಿಸಿ, ಸುತ್ತಲೂ ಮರಳು ಹರಡಿದರು. ಮೀನು ಬುಡ ತೋಡಿದರೂ ಉರುಳಬಾರದಷ್ಟೆ.

ಹೀಗೆ ಹುಸಿಹವಳದ ತೋಟ ಸಿದ್ಧವಾಯಿತು. ಅದಕ್ಕೆ ಬಂದ ಎರಡು ಕೋಡಂಗಿ ಮೀನುಗಳು ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಸಾಕುಮರಿಗಳು. ಕಡಲಹೂವನ್ನು ಕಂಡೇ ಇರದ ಅವು ಸಿಲಿಕೋನಿನ ಮೆತ್ತನೆಯ ಹುಸಿಹೂವಿನ ನಡುವೆ ನಿದ್ರಿಸಲಾರಂಭಿಸಿದವು. ನಾಲ್ಕು ಶಂಖದ ಹುಳುಗಳು ಗಾಜಿನ ಪಾಚಿ ಮೇದವು. ಮತ್ತೊಂದು ಜೀವವೂ ಬಂತು. ಕೆಂಪು ಬೆನ್ನಿನ ನಡುವೆ ಬಿಳಿಯ ಗೆರೆಯುಳ್ಳ ಶುಚಿಗಾರ ಸಿಗಡಿ. ಮೀನಿನ ಮೈಮೇಲಿನ ಹುಳುಗಳನ್ನು ಹೆಕ್ಕುವ ಈ ಪ್ರಾಣಿ, ಮೊಮ್ಮಗಳು ಗಾಜಿಗೆ ಬೆರಳಿಟ್ಟರೆ ಮೀಸೆಯಾಡಿಸುತ್ತ ಬೆರಳಿನೆದುರು ಬಂದು ನಿಲ್ಲುತ್ತಿತ್ತು. ಆ ತೊಟ್ಟಿಯಲ್ಲಿ ನಿಜವಾದ ಕಡಲಿನಿಂದ ತಂದದ್ದು ಅದೊಂದೇ. ಅದು ರಾಯರ ಮನಸ್ಸಿನಲ್ಲಿ ಸಣ್ಣ ಮುಳ್ಳಾಗಿಯೇ ಇತ್ತು.

ಅಷ್ಟರಲ್ಲಿ ನವರಾತ್ರಿ ಬಂತು. ಮೆಟ್ಟಿಲಿನ ಮೇಲೆ ಪಟ್ಟದ ಗೊಂಬೆಗಳು ಕುಳಿತವು. ಹಬ್ಬದ ನಾಲ್ಕನೆಯ ದಿನ ಸಿಗಡಿ ಬೆರಳಿಗೆ ಬರಲಿಲ್ಲ. ಐದನೆಯ ದಿನ ಆಹಾರ ಮುಟ್ಟಲಿಲ್ಲ. ಆಯುಧಪೂಜೆಯ ಬೆಳಗ್ಗೆ ಮರಳಿನ ಮೇಲೆ ಕೆಂಪು ಬಿಳಿಯ ರೂಪವೊಂದು ಒರಗಿತ್ತು. ಸಿಗಡಿಗಳು ಹಾವಿನಂತೆ ಪೊರೆ ಬಿಡುತ್ತವೆ. ಪೊರೆಯೇ ಇರಬೇಕೆಂದು ರಾಯರು ಆಸೆಪಟ್ಟರು. ಎತ್ತಿ ನೋಡಿದರೆ ಪೊರೆಯಲ್ಲ. ಶಂಖದ ಹುಳುಗಳು ಮುದುಡಿ ಬಾಗಿಲಿಕ್ಕಿಕೊಂಡಿದ್ದವು. ಮೀನುಗಳು ಮಾತ್ರ ಏನೂ ಆಗದವರಂತೆ ಈಜುತ್ತಿದ್ದವು.

“ಎಷ್ಟಾದರೂ ನಕಲಿ. ವಿಷ ಕಾರದೆ ಬಿಟ್ಟೀತೆ?” ಎಂದರು ಮಡದಿ. ರಾಯರಿಗೂ ಅದೇ ಶಂಕೆ. ತಾವು ಮಾಡಿದ ಪರೀಕ್ಷೆಗಳ ಮೇಲೆಯೇ ಅವರಿಗೆ ನಂಬಿಕೆ ತಪ್ಪಿತು. ಶಂಖದ ಹುಳುಗಳನ್ನು ಬೇರೆ ಬಕೆಟ್ಟಿನ ನೀರಿಗೆ ಬಿಟ್ಟು, ಹುಸಿಹವಳಗಳನ್ನು ಒಂದೊಂದಾಗಿ ಹೊರತೆಗೆದರು. ಮೂರನೆಯದನ್ನು ಎತ್ತಿದಾಗ ಅದರ ಹಿಂದೆ, ಮರಳಿನಲ್ಲಿ ಅರ್ಧ ಹೂತು, ಹೆಬ್ಬೆರಳಿನ ಗಾತ್ರದ ಒಂದು ತಾಮ್ರದ ಕಲಶ ಕಾಣಿಸಿತು. ಗೊಂಬೆಯ ಮನೆಯ ಕಲಶ. ಅದರ ಅಂಚಿನಲ್ಲಿ ಹಸಿರು ಕಿಲುಬು ಹತ್ತಿತ್ತು.

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಹುಡುಗಿ ಕಂಬದ ಮರೆಯಲ್ಲಿ ನಿಂತಿದ್ದಳು. “ಗೊಂಬೆಗಳಿಗೆಲ್ಲ ಹಬ್ಬ. ಅವಕ್ಕೆ ಮಾತ್ರ ಇರಲಿಲ್ಲ” ಎಂದಳು. ಮುಂದೆ ಮಾತು ಹೊರಡಲಿಲ್ಲ.

ನಿರಪರಾಧಿಯಾದ ನಕಲಿ ಹವಳಗಳು ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಕೊಂದದ್ದು ಅಸಲಿ ತಾಮ್ರ. ದೇವರ ಮುಂದೆ ತೀರ್ಥಕ್ಕಿಡುವ ಶುದ್ಧ ಲೋಹ. ಸಿಗಡಿಯ ರಕ್ತದಲ್ಲೂ ತಾಮ್ರವಿದೆ. ಉಸಿರನ್ನು ಹೊರುವುದೇ ಅದು. ಆದರೂ ನೀರಿನಲ್ಲಿ ಕರಗಿದ ತಾಮ್ರ ಕೊಂಚ ಮಿತಿಮೀರಿದರೆ ಸಿಗಡಿಗೆ ಮೃತ್ಯು. ಲೀಟರಿಗೆ ಒಂದು ಮಿಲಿಗ್ರಾಮಿನ ಐದನೆಯ ಒಂದು ಪಾಲಿನಷ್ಟು ತಾಮ್ರವನ್ನು ರೋಗ ಹತ್ತಿದ ಮೀನುಗಳಿಗೆ ಔಷಧವಾಗಿ ಕೊಡುವುದುಂಟು. ಮೀನು ತಾಳಿಕೊಳ್ಳುವ ಆ ಪ್ರಮಾಣ ಸಿಗಡಿಯನ್ನು ಕೊಲ್ಲುತ್ತದೆ. 200 ಲೀಟರಿಗೆ ಲೆಕ್ಕ ಹಾಕಿದರೆ 40 ಮಿಲಿಗ್ರಾಂ, ಒಂದು ಚಿಟಿಕೆಯೂ ಇಲ್ಲ.

ಇದೆಲ್ಲವೂ ರಾಯರಿಗೆ ಗೊತ್ತಿತ್ತು. ಗೊತ್ತಿದ್ದುದೇ ಅವರನ್ನು ಹೆಚ್ಚು ಚುಚ್ಚಿತು. ಅಯಸ್ಕಾಂತ ಕಬ್ಬಿಣವನ್ನು ಹಿಡಿಯುತ್ತದೆ, ತಾಮ್ರವನ್ನು ಹಿಡಿಯದು ಎಂದು ಎಷ್ಟು ತರಗತಿಗಳಿಗೆ ಹೇಳಿದ್ದರು! ಈ ಮನೆಯಲ್ಲಿ ಮಾತ್ರ ನಿಯಮಗಳೆಲ್ಲ ಅವರ ತಲೆಯಲ್ಲೇ ಉಳಿದಿದ್ದವು. ಬಾತುಕೋಳಿ ಏಕೆ ಬೇಡವೆಂದು ಹೇಳಿದ್ದರು, ಬೇರೆ ಯಾವ ಯಾವ ವಸ್ತು ಬೇಡವೆಂದು ಹೇಳಿರಲಿಲ್ಲ.

“ನಿನ್ನ ತಪ್ಪಲ್ಲ ಮಗು. ಪಾಠ ಹೇಳದೆ ಪರೀಕ್ಷೆ ಇಟ್ಟ ಮೇಷ್ಟರ ತಪ್ಪು” ಎಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಇಬ್ಬರೂ ಸೇರಿ ಹಿತ್ತಿಲಿನ ಪಾರಿಜಾತದ ಬುಡದಲ್ಲಿ ಸಿಗಡಿಯನ್ನು ಹೂಳಿದರು.

ದುರಸ್ತಿಗೆ ವಾರಗಳೇ ಹಿಡಿದವು. ತಾಮ್ರವು ಸುಣ್ಣದ ಮರಳಿಗೆ ಅಂಟಿಕೊಂಡು ಮತ್ತೆ ಮೆಲ್ಲಗೆ ನೀರಿಗಿಳಿಯುವ ಗುಣವುಳ್ಳದ್ದು. ಹಳೆಯ ಮರಳನ್ನು ತೆಗೆದರು, ನೀರನ್ನು ಕಂತುಕಂತಾಗಿ ಬದಲಿಸಿದರು, ಸೋಸುವ ಪೆಟ್ಟಿಗೆಯಲ್ಲಿ ಇದ್ದಿಲು ತುಂಬಿದರು. ತಾಮ್ರದ ಪರೀಕ್ಷಾದ್ರವದಲ್ಲಿ ಬಣ್ಣ ಕಾಣಿಸದಂತಾದ ಮೇಲೆಯೇ ಶಂಖದ ಹುಳುಗಳು ಬಕೆಟ್ಟಿನಿಂದ ಮನೆಗೆ ಮರಳಿದವು. ನಾಲ್ಕರಲ್ಲಿ ಮೂರು ಬದುಕಿದ್ದವು. ಮೊಮ್ಮಗಳು ದಪ್ಪ ಅಕ್ಷರಗಳಲ್ಲಿ ಒಂದು ಕಾಗದ ಬರೆದು ತೊಟ್ಟಿಯ ಕೆಳಗೆ ಅಂಟಿಸಿದಳು: ‘ಲೋಹ ಬೇಡ. ಮರ ಬೇಡ. ಬಣ್ಣ ಬಿಡುವುದು ಬೇಡ. ಸಾಬೂನು ಬೇಡ. ಬಕೆಟ್ಟಿನಲ್ಲಿ ಪಾಸಾಗದೆ ಯಾರೂ ಒಳಗೆ ಬರಬಾರದು.’

“ಇನ್ನೊಂದು ಸಿಗಡಿ ತರೋಣವೆ?” ಎಂದು ರಾಯರು ಕೇಳಿದಾಗ ಅವಳು ಬಹಳ ಹೊತ್ತು ಯೋಚಿಸಿ, “ಬೇಡ ತಾತ, ಅದು ಕಡಲಿನಲ್ಲೇ ಇರಲಿ” ಎಂದಳು. ರಾಯರ ಮನಸ್ಸಿನ ಮುಳ್ಳನ್ನು ಅವಳು ಹೇಗೆ ಕಂಡಳೋ!

ಮುಂದಿನ ನವರಾತ್ರಿಗೆ ಗೊಂಬೆಗಳ ಮೆಟ್ಟಿಲನ್ನು ತೊಟ್ಟಿಯ ಪಕ್ಕದಲ್ಲೇ ಕಟ್ಟಿದರು. ತಾಮ್ರದ ಕಲಶವನ್ನು ಹುಣಿಸೆಹಣ್ಣಿನಿಂದ ತೊಳೆದು ಮೊದಲ ಮೆಟ್ಟಿಲಿನ ಮೇಲೆ ಹುಡುಗಿಯೇ ಇಟ್ಟಳು. ಅಷ್ಟರಲ್ಲಿ ಹುಸಿಹವಳದ ಹೊಳಪು ಮಾಸಿ, ಅದರ ಮೇಲೆ ಸುಣ್ಣಪಾಚಿಯ ನಸುಗೆಂಪು ಪದರ ತಾನಾಗಿಯೇ ಹಬ್ಬಿತ್ತು. ಕೊಂಬೆಗಳ ನಡುವೆ ಕೋಡಂಗಿ ಮೀನುಗಳು ಓಡಾಡುತ್ತಿದ್ದವು.

ಅರಿಶಿನ ಕುಂಕುಮಕ್ಕೆ ಬಂದ ನೆರೆಮನೆಯ ಹೆಂಗಸೊಬ್ಬರು ಗಾಜಿನ ಹತ್ತಿರ ಬಾಗಿ, “ಅಬ್ಬ! ಇದು ಅಸಲಿ ಹವಳವೇನು?” ಎಂದು ಬೆರಗಿನಿಂದ ಕೇಳಿದರು.

“ಅಲ್ಲ, ನಕಲಿ. ಅಸಲಿ ಹವಳ ನೇತ್ರಾಣಿಯಲ್ಲಿದೆ” ಎಂದಳು ಹುಡುಗಿ.

ಒಳಗಿನಿಂದ ಕೋಸಂಬರಿಯ ಬಟ್ಟಲು ತರುತ್ತಿದ್ದ ಅಜ್ಜಿ ಅದನ್ನು ಕೇಳಿಸಿಕೊಂಡು, “ನಕಲಿಯಾದರೇನಮ್ಮ, ಬಕೆಟ್ಟಿನಲ್ಲಿ ಪಾಸಾಗಿದೆ” ಎಂದು ಸೇರಿಸಿದರು.